ಎರಡು ದೋಣಿಯಲ್ಲಿ ಕಾಲು

ಕುಂದಾಪುರದಿಂದ ತೆಂಕಲಾಗಿ ಕೋಟೇಶ್ವರವನ್ನು ದಾಟಿ ಕುಂಭಾಶಿಯ ಕಡೆಗೆ ಸಾಗುವಾಗ ದಾರಿಯಲ್ಲಿ ಸಿಗುವ ಕಡಲ ತಡಿಯ ಊರು ಬೀಜಾಡಿ. ಈಚೆಗೆ ಆ ಊರಿನ ಒಂದು ಮನೆಯಲ್ಲಿ ನಡೆದ ಮಾತುಕತೆಯೇ ಈ ತಿಂಗಳ ನಮ್ಮ ಬರಹಕ್ಕೆ ಕಾರಣವಾಯಿತು. ಆ ಮನೆಯ ಮಗಳು ಪದವಿ ತರಗತಿಯ ಎರಡನೆಯ ವರ್ಷದಲ್ಲಿ ಓದುತ್ತಿರುವಳು. ಕಾಲೇಜಿನ ಕಬಡ್ಡಿ ತಂಡದಲ್ಲಿಯೂ ಅವಳಿದ್ದಾಳೆ, ವಾಲಿಬಾಲ್ ತಂಡದಲ್ಲಿಯೂ ಇದ್ದಾಳೆ. ಕಳೆದ ಸಲ ಎರಡು ಪಂದ್ಯಗಳೂ ಒಂದೇ ವಾರದಲ್ಲಿ ಬಂದೊದಗಿದವು. ಅವಳು ಎರಡನ್ನೂ ಆಡಿದಳು. ಊದಿಕೊಂಡ ಮೊಣಕಾಲಿನೊಡನೆ ಮನೆಗೆ ಬಂದಳು. ಅದರ ಬೆನ್ನಿಗೇ ಪರೀಕ್ಷೆಯೂ ಬಂದಿತು.

“ಒಂದನ್ನು ಬಿಡು” ಎಂದರು ತಂದೆ. “ಎರಡನ್ನೂ ಬಿಟ್ಟರೆ ಲೇಸು” ಎಂದರು ತಾಯಿ. “ಎರಡು ದೋಣಿಯಲ್ಲಿ ಕಾಲಿಟ್ಟವರು ನಡುನೀರಿಗೇ ಬೀಳುವುದು, ಮಗಾ” ಎಂದರು ಅಜ್ಜಿ. ಹುಡುಗಿ ಮಾತ್ರ ಏನೂ ಹೇಳದೆ ತಟ್ಟೆಯನ್ನೇ ನೋಡುತ್ತ ಉಣ್ಣುತ್ತಿದ್ದಳು. ಅತಿಥಿಗಳಾಗಿದ್ದ ನಮ್ಮ ಕಡೆಗೆ ಎಲ್ಲರೂ ತಿರುಗಿದರು. ಆಲೋಚಿಸಿ ತಿಳಿಸುವೆವೆಂದು ಹೇಳಿ ಬಂದೆವು. ಇಂತಹ ಮಾತು ಇಂದು ಅನೇಕ ಮನೆಗಳಲ್ಲಿ ನಡೆಯುತ್ತಿರುವುದರಿಂದ, ನಮ್ಮ ಆಲೋಚನೆಯನ್ನು ವಾಚಕರೆಲ್ಲರ ಮುಂದೆ ಇಡುವುದೇ ಯುಕ್ತವೆಂದು ತೋರಿತು.

ಮೊದಲು ಅಜ್ಜಿಯ ಗಾದೆಯನ್ನೇ ಪರಾಮರ್ಶಿಸೋಣ. ಎರಡು ದೋಣಿಗಳಲ್ಲಿ ಏಕಕಾಲಕ್ಕೆ ಕಾಲಿಡಬಾರದೆಂಬುದು ನಿಜ. ಆದರೆ ಬೇರೆ ಬೇರೆ ಕಾಲದಲ್ಲಿ ಎರಡು ದೋಣಿಗಳನ್ನು ಏರಬಾರದೆಂದು ಆ ಗಾದೆ ಹೇಳುವುದಿಲ್ಲ. ಆ ಅಜ್ಜಿಯೇ ತಮ್ಮ ಪ್ರಾಯದಲ್ಲಿ ಮಳೆಗಾಲದಲ್ಲಿ ಗದ್ದೆಗಿಳಿದು ನಟ್ಟಿ ಮಾಡಿದವರು, ಬೇಸಗೆಯಲ್ಲಿ ಹಂಚಿನ ಕಾರ್ಖಾನೆಗೆ ನಡೆದುಹೋಗಿ ದುಡಿದವರು. ಕಡಲಿಗಿಳಿಯುವವರ ಬಾಳೂ ಹೀಗೆಯೇ. ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ದೋಣಿಗಳಿಗೆ ಕಡಲು ನಿಷಿದ್ಧ. ಆಗ ಬಲೆಯನ್ನು ಸರಿಪಡಿಸುವ ಕೆಲಸ. ಒಬ್ಬ ಮನುಷ್ಯನಿಗೆ ಎರಡು ಕೆಲಸಗಳಿರುವುದು ದೋಷವಲ್ಲ. ಎರಡಕ್ಕೂ ಒಂದೇ ಘಳಿಗೆ ಇರುವುದೇ ದೋಷ.

ಅಮೆರಿಕ ದೇಶದ ಕಾಲೇಜುಗಳಲ್ಲಿ ಒಬ್ಬನೇ ವಿದ್ಯಾರ್ಥಿ ಬಾಸ್ಕೆಟ್‌ಬಾಲ್ ಮತ್ತು ಬೇಸ್‌ಬಾಲ್ ಎರಡನ್ನೂ ಆಡುವುದುಂಟು. ಇದು ಹೇಗೆ ಸಾಧ್ಯವಾಯಿತೆಂಬುದನ್ನು ಬಾಸ್ಕೆಟ್‌ಬಾಲಿನ ಹುಟ್ಟೇ ತಿಳಿಸುತ್ತದೆ. ಅಲ್ಲಿ ಶರತ್ಕಾಲದಲ್ಲಿ ಫುಟ್‌ಬಾಲ್, ವಸಂತದಲ್ಲಿ ಬೇಸ್‌ಬಾಲ್. ನಡುವಿನ ಹಿಮಗಾಲದಲ್ಲಿ ಹೊರಗೆ ಆಡುವಂತಿಲ್ಲ. ಆ ಬರಿದಾದ ತಿಂಗಳುಗಳನ್ನು ತುಂಬುವುದಕ್ಕೆಂದೇ 1891ರ ಡಿಸೆಂಬರಿನಲ್ಲಿ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ತರಬೇತಿ ಶಾಲೆಯ ಉಪಾಧ್ಯಾಯ ಜೇಮ್ಸ್ ನೈಸ್ಮಿತ್, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಹೊಡೆಸಿ, 13 ನಿಯಮಗಳನ್ನು ಬರೆದು, ಒಳಾಂಗಣದ ಈ ಆಟವನ್ನು ಕಲ್ಪಿಸಿದನು. ಎಂದರೆ, ಈ ಆಟವು ಬೇಸ್‌ಬಾಲಿಗೆ ಎದುರಾಳಿಯಾಗಿ ಹುಟ್ಟಲಿಲ್ಲ. ಅದಕ್ಕೆ ಋತುವನ್ನು ಬಿಟ್ಟುಕೊಟ್ಟು ಹುಟ್ಟಿತು.

ಆದರೂ ದೊಡ್ಡ ಕಣಕ್ಕೆ ಇಳಿದ ಮೇಲೆ ಅಲ್ಲಿಯೂ ಆಯ್ಕೆ ತಪ್ಪಲಿಲ್ಲ. ಡೆಟ್ರಾಯಿಟಿನ ವಿಶ್ವವಿದ್ಯಾಲಯದಲ್ಲಿ ಎರಡೂ ಆಟಗಳನ್ನು ಆಡಿದ ಡೇವ್ ಡಿಬುಷರ್ ಎಂಬಾತನು 1962 ಮತ್ತು 1963ರಲ್ಲಿ ಷಿಕಾಗೊ ನಗರದ ಬೇಸ್‌ಬಾಲ್ ತಂಡದಲ್ಲಿ ಚೆಂಡೆಸೆದನು. ಅದೇ ಕಾಲದಲ್ಲಿ ಡೆಟ್ರಾಯಿಟಿನ ಬಾಸ್ಕೆಟ್‌ಬಾಲ್ ತಂಡದಲ್ಲಿಯೂ ಆಡಿದನು. ಕಡೆಗೆ ಬೇಸ್‌ಬಾಲನ್ನು ಬಿಟ್ಟನು. ಮುಂದೆ ನ್ಯೂಯಾರ್ಕಿನ ತಂಡದೊಡನೆ 1970 ಮತ್ತು 1973ರಲ್ಲಿ ಬಾಸ್ಕೆಟ್‌ಬಾಲಿನ ಪ್ರಶಸ್ತಿಯನ್ನು ಗೆದ್ದನು. ಬಾಸ್ಕೆಟ್‌ಬಾಲಿನ ಮೇರುವೆನಿಸಿದ ಮೈಕೆಲ್ ಜೋರ್ಡನ್ 1994ರಲ್ಲಿ ಬೇಸ್‌ಬಾಲಿಗೆ ಹೋದಾಗ, ಐದು ಸಲ ದಾಂಡು ಬೀಸಲು ನಿಂತರೆ ಒಂದು ಸಲವಷ್ಟೇ ಅವನ ಹೊಡೆತ ಫಲಿಸಿತು. 1995ರ ಮಾರ್ಚಿಯಲ್ಲಿ ಅವನು ಹಳೆಯ ಆಟಕ್ಕೆ ಮರಳಿದನು. ಒಂದು ಆಟದಲ್ಲಿ ಪಳಗಿದ ದೇಹವು ಇನ್ನೊಂದರಲ್ಲಿ ತಾನಾಗಿಯೇ ಪಳಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ದೂರದ ಮಾತು ಸಾಕು, ಹತ್ತಿರಕ್ಕೆ ಬರೋಣ. ಕುಂದಾಪುರದ ಕಡೆಯ ವಂಡ್ಸೆ-ಚಿತ್ತೂರಿನ ಗುರುರಾಜ ಪೂಜಾರಿಯವರನ್ನು ಅರಿಯದವರು ಈ ಸೀಮೆಯಲ್ಲಿ ಇರಲಾರರು. ಲಾರಿ ಚಾಲಕರ ಮಗನಾದ ಇವರು 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಸುಶೀಲ್ ಕುಮಾರ್ ಪದಕ ಗೆದ್ದುದನ್ನು ಕಂಡು ಕುಸ್ತಿಯ ಮೋಹದಿಂದ ಅಖಾಡಕ್ಕೆ ಇಳಿದವರು. ಉಜಿರೆಯ ಕಾಲೇಜಿಗೆ ಬಂದಾಗ ಅಲ್ಲಿಯ ಶಿಕ್ಷಕ ರಾಜೇಂದ್ರಪ್ರಸಾದರು ಇವರನ್ನು ಭಾರ ಎತ್ತುವ ಕಡೆಗೆ ತಿರುಗಿಸಿದರು. 2018ರಲ್ಲಿ ಗೋಲ್ಡ್‌ಕೋಸ್ಟಿನ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವರ್ಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿಯ ಪದಕ ಪಡೆದರು. ಆ ಕೂಟದಲ್ಲಿ ಭಾರತಕ್ಕೆ ದೊರೆತ ಮೊದಲ ಪದಕವದು. ಮೂರನೆಯವನಿಗೂ ಇವರಿಗೂ ಇದ್ದ ಅಂತರ ಒಂದೇ ಕಿಲೋ. ಆ ವರ್ಷವೇ 56 ಕಿಲೋ ವರ್ಗವನ್ನು ಜಗತ್ತಿನ ಸಂಸ್ಥೆಯು ತೆಗೆದುಹಾಕಿತು. ಇವರು ಎದೆಗುಂದದೆ 61 ಕಿಲೋ ವರ್ಗಕ್ಕೆ ದೇಹವನ್ನು ಒಗ್ಗಿಸಿಕೊಂಡು, 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ 269 ಕಿಲೋ ಎತ್ತಿ ಕಂಚನ್ನು ತಂದರು. ಕುಸ್ತಿಯಲ್ಲಿ ಕಳೆದ ದಿನಗಳು ವ್ಯರ್ಥವಾದುವೆನ್ನುವವರಾರು? ಆ ಮಣ್ಣಿನಲ್ಲಿ ಗಟ್ಟಿಯಾದ ಮೈಯನ್ನು ಕಂಡಲ್ಲವೆ ಶಿಕ್ಷಕರು ಇವರನ್ನು ಆರಿಸಿದುದು!

ಹೆಣ್ಣುಮಕ್ಕಳ ಉದಾಹರಣೆ ಬೇಕೆನ್ನುವವರಿಗೆ ನಮ್ಮ ಜಿಲ್ಲೆಯದೇ ಒಂದಿದೆ. ಕಾರ್ಕಳದ ಕಡೆಯ ಹೆರ್ಮುಂಡೆಯ ಮಮತಾ ಪೂಜಾರಿಯವರು ವಿದ್ಯಾರ್ಥಿನಿಯಾಗಿದ್ದಾಗ ವಾಲಿಬಾಲನ್ನೂ ಆಡಿದರು, ಗುಂಡನ್ನೂ ಎಸೆದರು. ಬಳಿಕ ಕಬಡ್ಡಿಯನ್ನೇ ಹಿಡಿದರು. 2012ರಲ್ಲಿ ಪಾಟ್ನಾದಲ್ಲಿ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡಕ್ಕೆ ಇವರೇ ನಾಯಕಿ. 2014ರಲ್ಲಿ ಅರ್ಜುನ ಪ್ರಶಸ್ತಿಯೂ ಬಂದಿತು. ಆಟವು ಇವರಿಗೆ ರೈಲ್ವೆಯಲ್ಲಿಯೂ, ಗುರುರಾಜರಿಗೆ ವಾಯುಪಡೆಯಲ್ಲಿಯೂ ಉದ್ಯೋಗವನ್ನು ಕೊಟ್ಟಿತು. ಗೃಹಸ್ಥರು ಇದನ್ನು ಗಮನಿಸಬೇಕು: ಆಟದ ಬಲದಿಂದ ಕೆಲಸ ಕೊಡುವವರು ಎಷ್ಟು ಆಟ ಬಲ್ಲೆಯೆಂದು ಕೇಳುವುದಿಲ್ಲ, ಒಂದರಲ್ಲಿ ಎಷ್ಟು ಎತ್ತರಕ್ಕೆ ಏರಿದೆಯೆಂದು ಕೇಳುತ್ತಾರೆ.

ಹಾಗೆಂದು ಆಯ್ಕೆಯು ಯಾವಾಗಲೂ ಫಲ ಕೊಡುವುದೆಂದು ನಾವು ಹೇಳಲಾರೆವು. ಮದರಾಸಿನ ಎಂ. ಜೆ. ಗೋಪಾಲನ್ ಕ್ರಿಕೆಟ್ ಮತ್ತು ಹಾಕಿ ಎರಡರಲ್ಲಿಯೂ ಸಮರ್ಥರು. 1934ರಲ್ಲಿ ಮೈಸೂರಿಗೂ ಮದರಾಸಿಗೂ ನಡೆದ ರಣಜಿ ಪಂದ್ಯಾವಳಿಯ ಮೊತ್ತಮೊದಲ ಪಂದ್ಯದಲ್ಲಿ ಮೊದಲ ಚೆಂಡೆಸೆದವರು ಇವರೇ. 1936ರಲ್ಲಿ ಇಂಗ್ಲೆಂಡಿಗೆ ಹೊರಟ ಕ್ರಿಕೆಟ್ ತಂಡವೂ ಬರ್ಲಿನ್ನಿಗೆ ಹೊರಟ ಹಾಕಿ ತಂಡವೂ ಏಕಕಾಲದಲ್ಲಿ ಕರೆದವು. ಇವರು ಕ್ರಿಕೆಟ್ಟನ್ನು ಆರಿಸಿಕೊಂಡರು. ಅಲ್ಲಿ ಒಂದು ಟೆಸ್ಟನ್ನೂ ಆಡುವ ಅವಕಾಶ ದೊರೆಯಲಿಲ್ಲ. ಇತ್ತ ಹಾಕಿ ತಂಡವು ಚಿನ್ನ ಗೆದ್ದಿತು. ಆದರೂ ತೀರ್ಮಾನ ಅವರದೇ ಆಗಿತ್ತು. ಇತರರು ಮಾಡಿದ ತೀರ್ಮಾನದಿಂದ ಆದ ನಷ್ಟವು ಜೀವಮಾನವೆಲ್ಲ ಚುಚ್ಚುತ್ತದೆ. ತಾನೇ ಮಾಡಿದುದನ್ನು ಮನುಷ್ಯನು ಹೇಗೋ ಸಹಿಸಿಕೊಳ್ಳುತ್ತಾನೆ.

ಇನ್ನು ಬೀಜಾಡಿಯ ಮನೆಗೆ ನಮ್ಮ ಸಲಹೆ. ನಮ್ಮಲ್ಲಿ ಅಮೆರಿಕದಂತೆ ಆಟಗಳಿಗೆ ಬೇರೆ ಬೇರೆ ಋತುಗಳಿಲ್ಲ. ಮಳೆ ಕಳೆದ ಮೇಲೆ, ಎರಡು ಪರೀಕ್ಷೆಗಳ ನಡುವೆ, ಎಲ್ಲ ಪಂದ್ಯಗಳೂ ಒತ್ತೊತ್ತಾಗಿ ಬರುತ್ತವೆ. ಕಬಡ್ಡಿಯಲ್ಲಿ ಥಟ್ಟನೆ ತಿರುಗಬೇಕು, ವಾಲಿಬಾಲಿನಲ್ಲಿ ಮತ್ತೆ ಮತ್ತೆ ಜಿಗಿದಿಳಿಯಬೇಕು. ಎರಡರ ಭಾರವೂ ಬೀಳುವುದು ಅದೇ ಮೊಣಕಾಲಿನ ಮೇಲೆ. ಇಂತಹ ಆಟಗಳಲ್ಲಿ ಮೊಣಕಾಲಿನ ಒಳಗಿನ ಕಟ್ಟು ಹರಿಯುವ ಅಪಾಯವು ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚೆಂದು ವೈದ್ಯರು ಕಂಡುಕೊಂಡಿದ್ದಾರೆ. ತೊಡೆ ಸೊಂಟಗಳನ್ನು ಬಲಪಡಿಸುವ, ಸರಿಯಾಗಿ ಇಳಿಯುವುದನ್ನು ಕಲಿಸುವ ವ್ಯಾಯಾಮದಿಂದ ಅದು ತಗ್ಗುವುದೆಂದೂ ತಿಳಿಸಿದ್ದಾರೆ. ಆದುದರಿಂದ ಮೊದಲು ಆ ಊದಿದ ಮೊಣಕಾಲನ್ನು ವೈದ್ಯರಿಗೆ ತೋರಿಸತಕ್ಕದ್ದು. ಎರಡನೆಯದಾಗಿ, ಎರಡು ತಂಡಗಳ ಶಿಕ್ಷಕರನ್ನೂ ಕೂಡಿಸಿ, ವಾರದ ಅಭ್ಯಾಸವನ್ನು ಹಂಚಿ, ಒಂದು ದಿನದ ಪೂರ್ಣ ವಿಶ್ರಾಂತಿಯನ್ನು ಗೊತ್ತುಮಾಡತಕ್ಕದ್ದು. ಮೂರನೆಯದಾಗಿ, ಈ ವರ್ಷ ಮುಗಿಯುವುದರೊಳಗೆ ಯಾವುದು ತನ್ನ ಆಟ, ಯಾವುದು ತನ್ನ ವಿನೋದ ಎಂಬುದನ್ನು ಹುಡುಗಿಯೇ ನಿಶ್ಚಯಿಸಲಿ.

ತಾಯಿಯವರಿಗೆ ಒಂದು ಮಾತು. ನಿಮ್ಮ ಅಂಜಿಕೆ ಆಟದ್ದಲ್ಲ. ಕತ್ತಲಾದ ಮೇಲೆ ಮಗಳು ಬಸ್ಸಿಳಿದು ಒಬ್ಬಳೇ ಬರುವುದರದು ಎಂಬುದನ್ನು ನಾವು ಬಲ್ಲೆವು. ಅದಕ್ಕೆ ಪರಿಹಾರ ಆಟ ಬಿಡಿಸುವುದಲ್ಲ. ಮನೆಯವರೊಬ್ಬರು ಹೆದ್ದಾರಿಯ ವರೆಗೆ ಹೋಗಿ ನಿಲ್ಲುವುದು. ಹತ್ತು ನಿಮಿಷದ ಆ ನಡಿಗೆಯನ್ನು ತಂದೆಯವರು ವಹಿಸಿಕೊಂಡರೆ, ಮನೆಯ ಅರ್ಧ ಚರ್ಚೆ ಅಲ್ಲಿಗೇ ಮುಗಿಯುತ್ತದೆ. ಉಳಿದರ್ಧವನ್ನು, ಬರುವ ದಾರಿಯಲ್ಲಿ, ಇಷ್ಟು ದಿನ ತಟ್ಟೆಯನ್ನೇ ನೋಡುತ್ತಿದ್ದ ಮಗಳು ತಾನಾಗಿಯೇ ಹೇಳಿಯಾಳು.