ಯಾರೂ ಬಳಸದ 'ಪ್ಲಾನ್ 9' ಮತ್ತು ನಿಮ್ಮ ಫೋನಿನ ಕನ್ನಡ

ಸುಮಾರು 20 ವರ್ಷಗಳ ಹಿಂದೆ ಕನ್ನಡದ ಇಮೇಲ್ ತೆರೆದರೆ ಎಷ್ಟೋ ಸಲ ಚೌಕಗಳೋ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೋ ಕಾಣುತ್ತಿದ್ದವು. ಕಳಿಸಿದವರ ಬಳಿ ಇದ್ದ ಫಾಂಟ್ ನಮ್ಮಲ್ಲೂ ಇರಬೇಕಿತ್ತು. ಈಗ ಕಲಬುರಗಿಯಿಂದ ಫಾರ್ವರ್ಡ್ ಆದ ಸಾಲನ್ನು ದುಬೈನಲ್ಲಿರುವವರೂ ತೊಂದರೆಯಿಲ್ಲದೆ ಓದುತ್ತಾರೆ. ಈ ಬದಲಾವಣೆಯಲ್ಲಿ ಮಾರುಕಟ್ಟೆಯಲ್ಲಿ ಸೋತ ಒಂದು ಆಪರೇಟಿಂಗ್ ಸಿಸ್ಟಂನ ಪಾಲೂ ಇದೆ.

ಏನಿದು ಪ್ಲಾನ್ 9?

ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ರೂಪಿಸಿದ ಬಳಗವೇ 1980ರ ದಶಕದಲ್ಲಿ ಪ್ಲಾನ್ 9 ಕೆಲಸ ಶುರುಮಾಡಿತು. ಜಾಲದಲ್ಲಿರುವ ಹಲವು ಕಂಪ್ಯೂಟರುಗಳನ್ನು ಒಂದೇ ಯಂತ್ರದಂತೆ ಬಳಸಬೇಕು ಎಂಬುದು ಅದರ ಗುರಿ. 1995ರಲ್ಲಿ ಮಾರಾಟಕ್ಕೂ ಬಂತು. ಆದರೆ ಯುನಿಕ್ಸ್‌ನಲ್ಲೇ ಕೆಲಸ ಸಾಗುತ್ತಿದ್ದಾಗ ಹೊಸದಕ್ಕೆ ಬದಲಾಗಲು ಹೆಚ್ಚಿನವರು ಮನಸ್ಸು ಮಾಡಲಿಲ್ಲ. ಇಂದು ಅದನ್ನು ಉಳಿಸಿಕೊಂಡಿರುವವರು ಕೆಲವು ಆಸಕ್ತರು ಮಾತ್ರ.

ಹೋಟೆಲಿನಲ್ಲಿ ಹುಟ್ಟಿದ ಲೆಕ್ಕ

ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಕೆಲಸವನ್ನು ಯೂನಿಕೋಡ್ ಮಾಡುತ್ತಿತ್ತು. ಆ ಸಂಖ್ಯೆಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವುದು ಹೇಗೆ? ಹಳೆಯ ಇಂಗ್ಲಿಷ್ ಕಡತಗಳೂ ಕೆಡಬಾರದು. ಆಗ ಪ್ಲಾನ್ 9 ಬಳಸುತ್ತಿದ್ದ ವಿಧಾನ ಅದರ ತಂಡಕ್ಕೇ ಹಿಡಿಸಿರಲಿಲ್ಲ. 1992ರ ಸೆಪ್ಟೆಂಬರ್‌ನಲ್ಲಿ ಆ ತಂಡದ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ನ್ಯೂಜೆರ್ಸಿಯ ಹೋಟೆಲೊಂದರಲ್ಲಿ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಹೊಸ ವಿಧಾನ ಬರೆದರು. ಅದೇ ಯುಟಿಎಫ್-8. ಕೆಲವೇ ದಿನಗಳಲ್ಲಿ ಇಡೀ ಪ್ಲಾನ್ 9 ಅದಕ್ಕೆ ಬದಲಾಯಿತು.

ಇದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಮೊದಲಿನಂತೆ 1 ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. 'ಕನ್ನಡ' ಎಂಬ ಪದದಲ್ಲಿ ಕ, ನ, ಒತ್ತಕ್ಷರ ಮೂಡಿಸುವ ಚಿಹ್ನೆ, ಮತ್ತೊಂದು ನ, ಡ ಎಂಬ 5 ಸಂಕೇತಗಳಿವೆ. ಒಟ್ಟು 15 ಬೈಟ್. ಇಂದು ಜಗತ್ತಿನ 100ರಲ್ಲಿ 98ಕ್ಕೂ ಹೆಚ್ಚು ಜಾಲತಾಣಗಳು ಯುಟಿಎಫ್-8 ಬಳಸುತ್ತವೆ. ನೀವು ಓದುತ್ತಿರುವ ಈ ಪುಟವೂ ಹಾಗೆಯೇ ಬಂದಿದೆ.

ಹಾಗಾದರೆ ಎಲ್ಲವೂ ಪ್ಲಾನ್ 9ರ ಕೊಡುಗೆಯೇ?

ಇಲ್ಲ. ಸಂಖ್ಯೆ ಕೊಟ್ಟಿದ್ದು ಯೂನಿಕೋಡ್, ಆಕಾರ ಕೊಡುವುದು ಫಾಂಟ್, ಒತ್ತು-ಗುಣಿತ ಜೋಡಿಸುವುದು ಫೋನಿನ ತಂತ್ರಾಂಶ. ಇವೆಲ್ಲ ಸೇರಿದಾಗಲೇ ಕನ್ನಡ ಕಾಣುತ್ತದೆ. ಹಾಗೆಯೇ ಪ್ಲಾನ್ 9ರ ಪ್ರಭಾವ ಇಷ್ಟಕ್ಕೇ ಮುಗಿಯುವುದೂ ಇಲ್ಲ. ವಿಂಡೋಸ್ ಒಳಗೆ ಲಿನಕ್ಸ್ ಬಳಸುವವರಿಗೆ ಎರಡರ ನಡುವೆ ಕಡತಗಳನ್ನು ತಲುಪಿಸಿಕೊಡುವುದು ಅದರದ್ದೇ 9ಪಿ ಎಂಬ ವಿಧಾನ.

ನಾವು ಮಾಡಬಹುದಾದದ್ದೂ ಒಂದಿದೆ. ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕನ್ನಡ ಕಡತಗಳು ಇಂದಿಗೂ ಎಷ್ಟೋ ಕಚೇರಿಗಳಲ್ಲಿ, ಮನೆಗಳಲ್ಲಿ ಉಳಿದಿವೆ. ಗೂಗಲ್‌ನಲ್ಲಿ ಹುಡುಕಿದರೆ ಅವುಗಳೊಳಗಿನ ಕನ್ನಡ ಸಿಗುವುದಿಲ್ಲ. ನಿಮ್ಮ ಬಳಿ ಅಂಥವಿದ್ದರೆ ಯೂನಿಕೋಡ್‌ಗೆ ಬದಲಿಸಿ ಉಳಿಸಿಕೊಳ್ಳಿ.