ಪಿಯು ಅರ್ಜಿಯ ಆ ಒಂದು ಕಾಲಂ: ಮ್ಯಾಥ್ಸ್ ಬೇಕಾ, ಬೇಡವಾ?

ತಿಪಟೂರು: ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮೇಲೆ ಹತ್ತು ಹದಿನೈದು ದಿನ ಬಿ.ಎಚ್. ರಸ್ತೆಯ ಜೆರಾಕ್ಸ್ ಅಂಗಡಿಗಳಿಗೆ ಪುರುಸೊತ್ತಿರಲ್ಲ. ಮಾರ್ಕ್ಸ್ ಕಾರ್ಡ್, ಟಿಸಿ, ಆಧಾರ್, ಜಾತಿ-ಆದಾಯ ಪ್ರಮಾಣಪತ್ರ, ಎಲ್ಲಾ ಎರಡೆರಡು ಕಾಪಿ. ಕಾಗದ ಪತ್ರಕ್ಕೆ ಓಡಾಡೋದರಲ್ಲೇ ಅಪ್ಪಂದಿರು ಸುಸ್ತಾಗಿರ್ತಾರೆ. ಅರ್ಜಿಯಲ್ಲಿ 'ಕಾಂಬಿನೇಷನ್' ಅನ್ನೋ ಕಾಲಂ ಬಂದಾಗ ಮಾತ್ರ ಎರಡು ನಿಮಿಷದಲ್ಲಿ ತೀರ್ಮಾನ ಆಗಿಬಿಡುತ್ತೆ. 'ಮ್ಯಾಥ್ಸ್ ಕಷ್ಟ ಅಂತಾನೆ, ಕಾಮರ್ಸ್ ಹಾಕಿ ಸಾರ್' ಅಂತ ಒಬ್ಬರು. 'ಪಕ್ಕದ ಮನೆ ಹುಡುಗಿ ಪಿಸಿಎಂಬಿ ತಗೊಂಡಿದಾಳೆ, ಇವಳಿಗೂ ಅದೇ ಬರೀರಿ' ಅಂತ ಇನ್ನೊಬ್ಬರು. ಒಂದು ಮೂಟೆ ಕೊಬ್ಬರಿ ಹರಾಜಿಗಿಡೋ ಮುಂಚೆ ನಾಲ್ಕು ಮಂಡಿ ರೇಟು ವಿಚಾರಿಸೋ ಊರು ಇದು.

ಹತ್ತನೇ ಕ್ಲಾಸಿನವರೆಗೂ ಗಣಿತ ಎಲ್ಲರಿಗೂ ಕಡ್ಡಾಯ. ಆಯ್ಕೆ ಅನ್ನೋದು ಮೊದಲ ಸಲ ಸಿಗೋದೇ ಪಿಯು ಅರ್ಜಿಯಲ್ಲಿ. ಅಲ್ಲಿ ಒಮ್ಮೆ ಬಿಟ್ಟ ಗಣಿತವನ್ನ ಡಿಗ್ರಿ ಹೊತ್ತಿಗೆ ವಾಪಸ್ ತರೋದು ಸುಲಭ ಅಲ್ಲ. ಹಾಗಾಗಿ ಯಾವ ಬಾಗಿಲು ಮುಚ್ಚುತ್ತೆ, ಯಾವುದು ತೆರೆದೇ ಇರುತ್ತೆ ಅನ್ನೋದು ಮೊದಲು ಗೊತ್ತಿರಬೇಕು.

ಸಿಇಟಿ ಮೂಲಕ ಇಂಜಿನಿಯರಿಂಗ್ ಸೀಟು ಬೇಕಂದ್ರೆ ದ್ವಿತೀಯ ಪಿಯುನಲ್ಲಿ ಭೌತಶಾಸ್ತ್ರ, ಗಣಿತ ಎರಡೂ ಕಡ್ಡಾಯ. ಮೂರನೇ ವಿಷಯ ಕೆಮಿಸ್ಟ್ರಿ ಆಗಬಹುದು, ಕಂಪ್ಯೂಟರ್ ಸೈನ್ಸ್, ಬಯಾಲಜಿ, ಎಲೆಕ್ಟ್ರಾನಿಕ್ಸ್ ಕೂಡ ಆಗಬಹುದು. ಒಟ್ಟಾರೆ ಕನಿಷ್ಠ ಶೇ. 45 ಅಂಕ ಇರಬೇಕು, ಮೀಸಲಾತಿ ವರ್ಗದವರಿಗೆ ಶೇ. 40. ರ‍್ಯಾಂಕ್ ಕೊಡುವಾಗ ಸಿಇಟಿ ಅಂಕದ ಅರ್ಧ, ಪಿಯು ಅಂಕದ ಅರ್ಧ ಸೇರಿಸ್ತಾರೆ. ಅಂದ್ರೆ ಗಣಿತ ಎರಡು ಕಡೆಯಿಂದಲೂ ಲೆಕ್ಕಕ್ಕೆ ಬರುತ್ತೆ. ಆರ್ಕಿಟೆಕ್ಚರ್‌ಗೂ ಗಣಿತ ಬೇಕು. ಎನ್‌ಡಿಎ ಮೂಲಕ ವಾಯುಪಡೆ, ನೌಕಾಪಡೆ ಸೇರೋಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿರಬೇಕು. ಭೂಸೇನೆಗೆ ಆ ಷರತ್ತಿಲ್ಲ.

ಮೆಡಿಕಲ್ ಕತೆ ಬೇರೆ. ನೀಟ್‌ನಲ್ಲಿ ಗಣಿತದ ಪತ್ರಿಕೆಯೇ ಇಲ್ಲ. ಡಾಕ್ಟರ್ ಒಂದೇ ಗುರಿ ಅನ್ನೋರಿಗೆ ಪಿಸಿಎಂಬಿಯ 'ಎಂ' ಹೊರೆ ಅಂತ ಅನಿಸೋದು ಸಹಜ. ಆದ್ರೆ ನೀಟ್‌ನಲ್ಲಿ ಸೀಟು ಸಿಗದವರೇ ಹೆಚ್ಚು. ಅವರಲ್ಲಿ ಬಹಳ ಜನ ಕೊನೆಗೆ ಇಂಜಿನಿಯರಿಂಗ್ ಕಡೆ ತಿರುಗೋದು ಇದೇ 'ಎಂ' ಇದ್ದಿದ್ದರಿಂದ. ಬಿ.ಫಾರ್ಮಾಗೆ ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆ ಬಯಾಲಜಿ ಅಥವಾ ಗಣಿತ ಯಾವುದಾದರೂ ಒಂದಿದ್ರೆ ಆಯ್ತು.

ಹಾಗಂತ ಎಲ್ಲರೂ ಪಿಸಿಎಂಬಿಗೆ ಸಾಲು ನಿಲ್ಲಬೇಕಾ? ಇಲ್ಲ. ಮೋಸ ಹೋಗೋದು ಇಲ್ಲೇ, ಎಸ್ಸೆಸ್ಸೆಲ್ಸಿ ಗಣಿತದ ಅಂಕ ನೋಡಿಕೊಂಡು.

ಒಂದು ಲೆಕ್ಕ ಹಾಕಿ ನೋಡಿ. ಮಗನಿಗೆ ಗಣಿತದಲ್ಲಿ ನೂರಕ್ಕೆ 60 ಬಂದಿದೆ ಅಂದ್ಕೊಳ್ಳಿ. ಅದರಲ್ಲಿ 20 ಅಂಕ ಶಾಲೆಯೇ ಕೊಡೋ ಆಂತರಿಕ ಅಂಕ. ಅಲ್ಲಿ 19 ಸಿಕ್ಕಿದ್ರೆ ಪರೀಕ್ಷೆಯಲ್ಲಿ ಅವನು ತೆಗೆದಿದ್ದು 80ಕ್ಕೆ 41. ಫಸ್ಟ್ ಕ್ಲಾಸು ಅಂತ ಲಾಡು ಹಂಚಿದ ಅಂಕ ನಿಜದಲ್ಲಿ ಅರ್ಧಕ್ಕಿಂತ ಒಂದು ಹೆಚ್ಚು. ಆ 41 ಎಲ್ಲಿಂದ ಬಂತು ಅನ್ನೋದು ಅದಕ್ಕಿಂತ ಮುಖ್ಯ. ಹಿಂದುಳಿದ ಮಕ್ಕಳಿಗೆ ಶಾಲೆಗಳು 'ಪಾಸಿಂಗ್ ಪ್ಯಾಕೇಜ್' ಅಂತ ಮಾಡ್ತವೆ. ಥೇಲ್ಸ್ ಪ್ರಮೇಯ ಬಾಯಿಪಾಠ, ಒಂದು ನಕ್ಷೆ, ಸರಾಸರಿ-ಮಧ್ಯಾಂಕದ ಒಂದು ಕೋಷ್ಟಕ, ಎರಡು ಸೂತ್ರ. ಪಾಸ್ ಮಾಡಿಸೋಕೆ ಮೇಷ್ಟ್ರುಗಳು ಪಡೋ ಪಾಡು ಅದು, ತಪ್ಪು ಅನ್ನೋಕಾಗಲ್ಲ. ಆದ್ರೆ ಬಾಯಿಪಾಠದ ಪ್ರಮೇಯದಿಂದ ಬಂದ ಅಂಕಾನೇ ಬೇರೆ, ಬಹುಪದೋಕ್ತಿ, ವರ್ಗ ಸಮೀಕರಣ, ತ್ರಿಕೋನಮಿತಿ ಅರ್ಥ ಮಾಡಿಕೊಂಡು ತೆಗೆದ ಅಂಕಾನೇ ಬೇರೆ. ಪಿಯು ಗಣಿತ ಶುರುವಾಗೋದೇ ಈ ಎರಡನೇ ಥರದ ಮೇಲೆ. ಮೊದಲ ವರ್ಷ ಗಣಗಳು, ತ್ರಿಕೋನಮಿತಿ, ಲಿಮಿಟ್ಸ್. ಎರಡನೇ ವರ್ಷ ಮ್ಯಾಟ್ರಿಕ್ಸ್, ಡಿಫರೆನ್ಸಿಯೇಷನ್, ಇಂಟಿಗ್ರೇಷನ್, ವೆಕ್ಟರ್. ಬೀಜಗಣಿತ ಗಟ್ಟಿ ಇಲ್ಲದವನಿಗೆ ಇಂಟಿಗ್ರೇಷನ್ ಅಂದ್ರೆ ಗೋಡೆಗೆ ತಲೆ ಚಚ್ಚಿಕೊಂಡ ಹಾಗೆ.

ಇದನ್ನ ಪರೀಕ್ಷೆ ಮಾಡೋದಕ್ಕೆ ದಾರಿ ಇದೆ. ಎಸ್ಸೆಸ್ಸೆಲ್ಸಿ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಯನ್ನ ಪರೀಕ್ಷಾ ಮಂಡಳಿಗೆ ಶುಲ್ಕ ಕಟ್ಟಿ ತರಿಸಿಕೊಳ್ಳಬಹುದು. ಮರು ಮೌಲ್ಯಮಾಪನಕ್ಕೆ ಅಂತ ಮಾತ್ರ ಅಲ್ಲ, ಅಂಕ ಎಲ್ಲಿ ಬಂತು, ಎಲ್ಲಿ ಹೋಯ್ತು ಅಂತ ನೋಡೋಕೂ ಅದು ಉಪಯೋಗಕ್ಕೆ ಬರುತ್ತೆ. ಒಬ್ಬ ಗಣಿತ ಮೇಷ್ಟ್ರ ಮುಂದೆ ಆ ಪ್ರತಿ ಇಟ್ಟರೆ ಹತ್ತೇ ನಿಮಿಷದಲ್ಲಿ ಹುಡುಗನ ಕೈ ಎಲ್ಲಿ ತಡವರಿಸಿದೆ ಅಂತ ಹೇಳಿಬಿಡ್ತಾರೆ.

ಕನ್ನಡ ಮಾಧ್ಯಮದ ಮಕ್ಕಳದ್ದು ಇನ್ನೊಂದು ತೊಡಕು. ಹೋಬಳಿ ಕಡೆಯ ಸರ್ಕಾರಿ ಹೈಸ್ಕೂಲಲ್ಲಿ 'ಸಮಾಂತರ ಶ್ರೇಢಿ' ಅಂತ ಚೆನ್ನಾಗೇ ಲೆಕ್ಕ ಮಾಡ್ತಿದ್ದ ಹುಡುಗಿ ಪಿಯು ಸೈನ್ಸ್ ಕ್ಲಾಸಲ್ಲಿ 'ಅರಿತ್ಮೆಟಿಕ್ ಪ್ರೋಗ್ರೆಷನ್' ಕೇಳಿ ಬೆಚ್ಚಿ ಬೀಳ್ತಾಳೆ. ಲೆಕ್ಕ ಅದೇ, ಹೆಸರು ಬೇರೆ. ಮೊದಲ ಎರಡು ತಿಂಗಳು ಇಂಥವರು 'ನನಗೆ ಮ್ಯಾಥ್ಸ್ ಬರಲ್ಲ' ಅಂತ ತೀರ್ಮಾನ ಮಾಡಿಕೊಂಡು ಬಿಡ್ತಾರೆ. ಬರದೇ ಇರೋದು ಇಂಗ್ಲಿಷ್ ಪದ, ಮ್ಯಾಥ್ಸ್ ಅಲ್ಲ. ಕ್ಲಾಸು ಶುರುವಾಗೋ ಮುಂಚೆ ಅದೇ ಹತ್ತನೇ ಕ್ಲಾಸಿನ ಇಂಗ್ಲಿಷ್ ಮಾಧ್ಯಮದ ಪುಸ್ತಕ ಪಕ್ಕದಲ್ಲಿ ಇಟ್ಟುಕೊಂಡು ಓದಿದ್ರೆ ಅರ್ಧ ಭಯ ಹೋಗುತ್ತೆ. ಹಳೇ ಪುಸ್ತಕ ಯಾರ ಮನೆ ಅಟ್ಟದ ಮೇಲಾದರೂ ಸಿಗುತ್ತೆ.

ಇನ್ನು ಅಂಗಡಿ ಬೀದಿಯವರ ಅಚ್ಚುಮೆಚ್ಚಿನ ದಾರಿ, ಕಾಮರ್ಸ್. 'ಕಾಮರ್ಸ್‌ಗೆ ಮ್ಯಾಥ್ಸ್ ಬೇಡ' ಅನ್ನೋ ಮಾತು ಅರ್ಧ ಸತ್ಯ. ಅರ್ಥಶಾಸ್ತ್ರ, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ ಮೂರು ಸಾಮಾನ್ಯವಾಗಿ ಇರುತ್ತೆ. ನಾಲ್ಕನೆಯದು ಇತಿಹಾಸ ಆದ್ರೆ ಹೆಚ್‌ಇಬಿಎ, ಕಂಪ್ಯೂಟರ್ ಆದ್ರೆ ಸಿಇಬಿಎ, ಸಂಖ್ಯಾಶಾಸ್ತ್ರ ಆದ್ರೆ ಎಸ್‌ಇಬಿಎ. ಬೇಸಿಕ್ ಮ್ಯಾಥ್ಸ್ ಅಂತಲೂ ಒಂದಿದೆ. ಸೈನ್ಸ್‌ನ ಗಣಿತಕ್ಕಿಂತ ಹಗುರ, ವ್ಯಾಪಾರಕ್ಕೆ ಹತ್ತಿರ. ಶೇಕಡಾವಾರು, ಬಡ್ಡಿ, ಅನುಪಾತದ ಜೊತೆ ಸ್ವಲ್ಪ ಕ್ಯಾಲ್ಕುಲಸ್.

ಮಗಳನ್ನ ಸಿಎ ಮಾಡಿಸಬೇಕು ಅನ್ನೋ ಅಂಗಡಿಯವರು ಇಲ್ಲಿ ಗಮನ ಕೊಡಬೇಕು. ಸಿಎ ಫೌಂಡೇಷನ್‌ನ ನಾಲ್ಕು ಪತ್ರಿಕೆಗಳಲ್ಲಿ ಒಂದು ಕ್ವಾಂಟಿಟೇಟಿವ್ ಆಪ್ಟಿಟ್ಯೂಡ್. ಬಿಸಿನೆಸ್ ಮ್ಯಾಥ್ಸ್, ಲಾಜಿಕಲ್ ರೀಸನಿಂಗ್, ಸಂಖ್ಯಾಶಾಸ್ತ್ರ ಸೇರಿ 100 ಅಂಕ. ತಪ್ಪು ಉತ್ತರಕ್ಕೆ ಕಾಲು ಅಂಕ ಕಟ್. ಪಿಯುನಲ್ಲಿ ಗಣಿತ ಓದಿರಲೇಬೇಕು ಅಂತ ನಿಯಮ ಇಲ್ಲ, ಹೆಚ್‌ಇಬಿಎ ಓದಿದವರೂ ಬರೀಬಹುದು. ಆದ್ರೆ ಎರಡು ವರ್ಷ ಒಂದು ಲೆಕ್ಕಾನೂ ಮಾಡದೆ ಇದ್ದವರು ಆ ಪತ್ರಿಕೆ ಮುಂದೆ ಕೂತಾಗ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ. ಬಿಸಿಎ ವಿಚಾರದಲ್ಲೂ ಅಷ್ಟೇ. ಸೀಟು ಕೊಡುವಾಗ ಪಿಯುನಲ್ಲಿ ಏನು ಓದಿರಬೇಕು ಅನ್ನೋದು ಎಲ್ಲ ಕಡೆ ಒಂದೇ ಥರ ಇಲ್ಲ, ಸೇರಬೇಕು ಅಂತಿರೋ ಕಾಲೇಜಲ್ಲಿ ಈಗಲೇ ಕೇಳಿಡೋದು ವಾಸಿ. ಬ್ಯಾಂಕ್ ಪರೀಕ್ಷೆಗಳಲ್ಲಂತೂ ಲೆಕ್ಕದ ಪ್ರಶ್ನೆ ತಪ್ಪಿದ್ದಲ್ಲ.

ಡಿಪ್ಲೊಮಾ ಬಗ್ಗೆ ಮಾತಾಡೋರು ಕಡಿಮೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷ ಪಾಲಿಟೆಕ್ನಿಕ್, ಆಮೇಲೆ ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ನೇರ ಪ್ರವೇಶ. ಕೈಕೆಲಸದಲ್ಲಿ ಚುರುಕು, ಪುಸ್ತಕದ ಗಣಿತದಲ್ಲಿ ನಿಧಾನ ಅನ್ನೋ ಹುಡುಗರಿಗೆ ಇದು ಒಳ್ಳೇ ದಾರಿ. ಅಲ್ಲೂ ಇಂಜಿನಿಯರಿಂಗ್ ಮ್ಯಾಥ್ಸ್ ಇದೆ, ಆದ್ರೆ ಎರಡು ವರ್ಷದಲ್ಲಿ ಸಿಇಟಿ ರ‍್ಯಾಂಕ್ ತೆಗೀಬೇಕು ಅನ್ನೋ ಒತ್ತಡ ಇಲ್ಲ.

ಸಿಬಿಎಸ್‌ಇ ಶಾಲೆಗೆ ಮಕ್ಕಳನ್ನ ಕಳಿಸೋರಿಗೆ ಈ ಪ್ರಶ್ನೆ ಇನ್ನೂ ಮುಂಚೆಯೇ ಬರುತ್ತೆ. 2020ರ ಪರೀಕ್ಷೆಯಿಂದ ಅಲ್ಲಿ ಹತ್ತನೇ ಕ್ಲಾಸಿಗೆ ಸ್ಟ್ಯಾಂಡರ್ಡ್, ಬೇಸಿಕ್ ಅಂತ ಎರಡು ಗಣಿತ. ಪಠ್ಯ ಒಂದೇ, ಪ್ರಶ್ನೆ ಪತ್ರಿಕೆ ಮಾತ್ರ ಬೇರೆ. ಬೇಸಿಕ್ ಬರೆದವರಿಗೆ ಹನ್ನೊಂದನೇ ಕ್ಲಾಸಲ್ಲಿ ಗಣಿತ ಕೊಡೋದಿಲ್ಲ ಅನ್ನೋದು ಮೂಲ ನಿಯಮ. ನಡುವೆ ಕೆಲ ವರ್ಷ ಸಡಿಲಿಸಿದ್ದೂ ಉಂಟು. ಶಾಲೆಯವರು ರಿಸಲ್ಟ್ ಚೆನ್ನಾಗಿ ಕಾಣಲಿ ಅಂತ ಬೇಸಿಕ್ ಅಂದ್ರೆ, ಮುಂದೆ ಸೈನ್ಸ್ ಆಸೆ ಇರೋರು ಒಪ್ಪೋ ಮುಂಚೆ ಆ ವರ್ಷದ ಸುತ್ತೋಲೆ ತೋರಿಸಿ ಅಂತ ಕೇಳಬೇಕು.

ಇಷ್ಟೆಲ್ಲ ಯೋಚನೆ ಮಾಡಿ ಕಾಲೇಜಿಗೆ ಹೋದ್ರೆ ಕೌಂಟರಲ್ಲಿ ಬೇರೆಯೇ ಮಾತು ಕೇಳಿಬರಬಹುದು: 'ಬೇಸಿಕ್ ಮ್ಯಾಥ್ಸ್ ನಮ್ಮಲ್ಲಿಲ್ಲ, ಯಾರೂ ತಗೊಳಲ್ಲ.' ಇಲ್ಲದ್ದಕ್ಕೆ ಯಾರೂ ತಗೊಳಲ್ಲ, ಯಾರೂ ತಗೊಳಲ್ಲ ಅಂತ ಇಲ್ಲ. ತಾಲ್ಲೂಕು ಮಟ್ಟದ ಕಾಲೇಜುಗಳಲ್ಲಿ ಈ ಸುತ್ತು ಹೊಸದಲ್ಲ. ಸರ್ಕಾರಿ ಕಾಲೇಜಾದ್ರೆ ಇನ್ನೂ ಒಂದು ಮಾತು ಕೇಳಬೇಕು: ಗಣಿತಕ್ಕೆ ಕಾಯಂ ಉಪನ್ಯಾಸಕರಿದ್ದಾರಾ, ಅತಿಥಿ ಉಪನ್ಯಾಸಕರಾ, ಅತಿಥಿ ಆದ್ರೆ ಕ್ಲಾಸು ಶುರುವಾದ ದಿನವೇ ಬರ್ತಾರಾ? ಕೌಂಟರಲ್ಲಿ ಒಬ್ಬ ಅಪ್ಪ ಕೇಳಿದ್ರೆ 'ನೋಡೋಣ' ಅಂತಾರೆ. ಒಂದೇ ಬೀದಿಯ ಹತ್ತು ಜನ ಒಟ್ಟಿಗೆ ಪ್ರಿನ್ಸಿಪಾಲರ ರೂಮಿಗೆ ಹೋಗಿ, ಬೇಸಿಕ್ ಮ್ಯಾಥ್ಸ್ ಕೊಡ್ತೀರಿ ಅಂದ್ರೆ ಹತ್ತು ಅರ್ಜಿ ಇವತ್ತೇ ತುಂಬ್ತೀವಿ ಅಂದ್ರೆ ಉತ್ತರ ಬೇರೆ ಇರುತ್ತೆ. ಅದಕ್ಕೆ ಸಮಯ ದಾಖಲಾತಿ ನಡೆಯೋ ಈ ಕೆಲವೇ ವಾರ.