ಕವರ್ ಬಿಚ್ಚದೆ ನೆಟ್ಟ ಗಿಡ

ಹೋದ ಬೇಸಿಗೆಯಲ್ಲಿ ನಮ್ಮ ಸೀಮೆಯ ಒಂದು ಊರಿನ ಪಾರ್ಕಿನಲ್ಲಿ ಒಣಗಿ ನಿಂತಿದ್ದ ಹೊಂಗೆ ಸಸಿಯೊಂದನ್ನು ಹಿಡಿದು ಎಳೆದೆ. ಸಲೀಸಾಗಿ ಬಂತು, ನರ್ಸರಿಯ ಕರಿ ಪ್ಲಾಸ್ಟಿಕ್ ಕವರಿನ ಸಮೇತ. ಕವರ್ ಬಿಚ್ಚದೆ ಗುಂಡಿಗಿಳಿಸಿ ಮಣ್ಣು ಮುಚ್ಚಿದ್ದರು. ಬೇರು ಒಳಗೇ ಸುತ್ತಿ ಸುತ್ತಿ ಸಿಂಬೆಯಾಗಿತ್ತು. ಪಕ್ಕದ್ದನ್ನು ಎಳೆದೆ, ಅದೂ ಹಾಗೇ. ಮೂರನೆಯದನ್ನು ಮುಟ್ಟಲು ಮನಸ್ಸಾಗಲಿಲ್ಲ. ಕಾಮಗಾರಿಯ ಬೋರ್ಡು ಮಾತ್ರ ಗಟ್ಟಿಯಾಗಿ ನಿಂತಿತ್ತು. ಅದರ ಬುಡಕ್ಕೆ ಕಾಂಕ್ರೀಟ್ ಹಾಕಿದ್ದರು.

ಉದ್ಯಾನ ಕಾಮಗಾರಿ ಹಿಡಿಯುವವರಿಗೆ ಪರೀಕ್ಷೆ ಇಡಬೇಕು, ಪಾಸಾದವರಿಗಷ್ಟೇ ಟೆಂಡರ್ ಕೊಡಬೇಕು ಎಂದರೆ ಗುತ್ತಿಗೆದಾರರು ನಗುತ್ತಾರೆ. 'ಗಿಡ ನೆಡೋಕೂ ಲೈಸೆನ್ಸಾ ಸ್ವಾಮಿ?' ಹುಣಸೂರು, ಪಿರಿಯಾಪಟ್ಟಣದಲ್ಲಿ ನಿಂತು ಆಡುವ ಮಾತೇ ಇದು? ಇಲ್ಲಿನ ರೈತ ಸ್ವಂತ ಹೊಲದಲ್ಲಿ, ಸ್ವಂತ ದುಡ್ಡಿನಲ್ಲಿ ಹೊಗೆಸೊಪ್ಪು ಹಾಕಬೇಕಾದರೂ 1975ರ ತಂಬಾಕು ಮಂಡಳಿ ಕಾಯ್ದೆಯಂತೆ ನೋಂದಣಿ ಆಗಿರಬೇಕು. ಸೊಪ್ಪು ಹದಮಾಡುವ ಬ್ಯಾರನ್‌ಗೆ ಲೈಸೆನ್ಸ್ ಬೇಕು. ಎಷ್ಟು ಬೆಳೆಯಬೇಕು ಎಂಬುದನ್ನೂ ಮಂಡಳಿಯೇ ನಿಗದಿ ಮಾಡುತ್ತದೆ. ಮನೆಗೆ ವೈರಿಂಗ್ ಮಾಡುವವರಿಗೂ ಪರ್ಮಿಟ್ ಬೇಕು. ಸಾರ್ವಜನಿಕರ ದುಡ್ಡಿನಲ್ಲಿ ಗಿಡ ನೆಡುವವರಿಗೆ ಮಾತ್ರ ಲೋಕೋಪಯೋಗಿ ಇಲಾಖೆಯ ದರ್ಜೆ ಲೈಸೆನ್ಸ್ ಇದ್ದರೆ ಸಾಕು. ಅದು ಅಳೆಯುವುದು ಎಷ್ಟು ಲಕ್ಷದ ಕೆಲಸ ತೂಗಿಸಬಲ್ಲರು ಎಂಬುದನ್ನು. ಚರಂಡಿ ಕಟ್ಟಿದವರೇ ಮರುದಿನ ಹುಲ್ಲುಹಾಸು ಹಾಸುತ್ತಾರೆ.

ಗಿಡ ಸತ್ತರೆ ಹೋಯಿತು, ಇನ್ನೊಂದು ನೆಟ್ಟರಾಯಿತು. ನನ್ನ ಹೆದರಿಕೆ ಸಾಯದ ಗಿಡದ್ದು. ನಾಗರಹೊಳೆಯನ್ನು ಕವಿದುಕೊಂಡಿರುವ ಲಂಟಾನ, 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಅಂದಕ್ಕೆಂದು ಕಲ್ಕತ್ತೆಯ ತೋಟಕ್ಕೆ ತಂದ ಹೂಗಿಡ. ಅದರ ಅಡಿಯಲ್ಲಿ ಹುಲ್ಲು ಚಿಗುರದೆ ಜಿಂಕೆ, ಕಾಟಿಗಳಿಗೆ ಮೇವಿಲ್ಲ. ಎಚ್.ಡಿ. ಕೋಟೆಯಿಂದ ಬಾವಲಿ ದಾಟಿದರೆ ವಯನಾಡು. ಅಲ್ಲಿ ನೆರಳಿಗೆ, ಹಳದಿ ಹೂವಿನ ಚೆಂದಕ್ಕೆ ನೆಟ್ಟ ಸೆನ್ನಾ ಸ್ಪೆಕ್ಟಾಬಿಲಿಸ್ ಕಾಡಿಗೆ ನುಗ್ಗಿತು, ನಮ್ಮ ಕಾಡಿಗೂ ಕಾಲಿಟ್ಟಿದೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಬೇಗ ಹಸಿರಾಗುತ್ತದೆಂದು ನಗರಗಳ ರಸ್ತೆ ಬದಿಗೆ ತಂದ ಕೋನೋಕಾರ್ಪಸ್ ಅನ್ನು ಗುಜರಾತ್ 2023ರಲ್ಲಿ ನಿಷೇಧಿಸಬೇಕಾಯಿತು. ಕಾಡಿಗೆ ಅಂಟಿಕೊಂಡ ಕಬಿನಿ ಹಿನ್ನೀರಿನ ರೆಸಾರ್ಟ್‌ಗಳ ಅಂಗಳಕ್ಕೆ ನಾಳೆ, ಗಿಡದ ಗುಣ ಅರಿಯದ ಗುತ್ತಿಗೆದಾರರ ಕೈಯಿಂದ, ಯಾವ ಚೆಂದದ ಗಿಡ ಬಂದಿಳಿದೀತೋ.

ಪರೀಕ್ಷೆ ಇಟ್ಟರೆ ಬಡ ಕೂಲಿಯವರು ಹೊರಗುಳಿಯುತ್ತಾರೆ ಎನ್ನುವವರಿದ್ದಾರೆ. ಈ ಮಾತಿಗೆ ನಾನು ಕಿವಿಗೊಡುತ್ತೇನೆ. ಆದರೆ ಪರೀಕ್ಷೆ ಯಾರಿಗೆ? ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಉದ್ಯಾನ ಗುತ್ತಿಗೆಗೆಂದೇ 'ಸಿ-27' ಎಂಬ ಲೈಸೆನ್ಸ್ ಇದೆ. ನಾಲ್ಕು ವರ್ಷದ ಕಸುಬಿನ ಅನುಭವ ತೋರಿಸಿ ಪರೀಕ್ಷೆಗೆ ಕೂರಬೇಕಾದವರು ಗುತ್ತಿಗೆ ಹಿಡಿಯುವವರೇ ಹೊರತು ಗುಂಡಿ ತೋಡುವವರಲ್ಲ. ನಮ್ಮಲ್ಲಿ ಎಲ್ಲ ತಿರುಗುಮುರುಗು. ಕೌಶಲ ಯೋಜನೆಗಳ ಹೆಸರಿನಲ್ಲಿ ಕೂಲಿಯವರಿಗೆ ಟೋಪಿ, ಟೀ ಶರ್ಟು, ಗ್ರೂಪ್ ಫೋಟೊ, ಸರ್ಟಿಫಿಕೇಟು. ಟೆಂಡರ್ ಹಿಡಿದವರಿಗೆ ಒಂದು ಪ್ರಶ್ನೆಯೂ ಇಲ್ಲ.

ಧೂಳಿನಂಥ ಹೊಗೆಸೊಪ್ಪಿನ ಬೀಜವನ್ನು, ಗ್ರಾಮಿಗೆ ಹತ್ತು ಸಾವಿರಕ್ಕೂ ಮೀರಿದ ಬೀಜವನ್ನು, ಸಸಿ ಮಾಡಿ ಎಬ್ಬಿಸುವ ಪಿರಿಯಾಪಟ್ಟಣದ ಹೆಂಗಸರಿಗೆ ಕವರ್ ಬಿಚ್ಚುವುದನ್ನು ಯಾರು ಕಲಿಸಬೇಕು? ಆ ಪಾರ್ಕಿನಲ್ಲಿ ಕೂಲಿ ಮಾಡಿದ್ದ ಒಬ್ಬಾಕೆಯನ್ನು ಕೇಳಿಯೂಬಿಟ್ಟೆ. 'ಬಿಚ್ಚಬೇಕು ಅಂತ ನಮಗ್ ಗೊತ್ತಿಲ್ವಾ ಅಣ್ಣಾ? ಸಂಜೆಗೆ ಇಂಜಿನಿಯರು ಅಳತೆ ಬರ್ಕೊಳಕ್ಕೆ ಬತ್ತಾರೆ, ಬಿರ್‌ಬಿರ್ನೆ ಇಳ್ಸಿ ಅಂದ್ರು ಮೇಸ್ತ್ರಿ' ಎಂದರು.

ಆದ್ದರಿಂದ ಪರೀಕ್ಷೆ ಗುತ್ತಿಗೆದಾರರಿಗಿರಲಿ, ಕನ್ನಡದಲ್ಲಿರಲಿ, ಕಂಪ್ಯೂಟರಿನ ಮುಂದೆ ಬೇಡ. ಯಲವಾಲದ ಬಳಿ ತೋಟಗಾರಿಕೆ ಕಾಲೇಜಿದೆ, ಅದರ ಬಯಲಿನಲ್ಲಿ ಎಲ್ಲರೂ ನೋಡುವಂತೆ ನಡೆಯಲಿ. ಕದ್ದುಮುಚ್ಚಿ ನಡೆದರೆ ಇನ್ನೊಂದು ಮಾಮೂಲಿಯ ಕೌಂಟರ್ ತೆರೆದಂತೆ, ಅಷ್ಟೆ. ಹತ್ತು ಸಸಿ ಮುಂದಿಟ್ಟು ಹೆಸರು ಕೇಳಿ. ಕೆ.ಆರ್. ನಗರದ ಕಾಲುವೆ ಬಯಲಿನ ನೀರು ನಿಲ್ಲುವ ಮಣ್ಣಿಗೂ ಪಿರಿಯಾಪಟ್ಟಣದ ಕೆಂಪು ಮರಳುಮಣ್ಣಿಗೂ ಒಂದೇ ಗುಂಡಿ ನಡೆಯುತ್ತದೆಯೇ ಕೇಳಿ. ಕರೆಂಟ್ ತಂತಿಯ ಕೆಳಗೆ ಯಾವ ಮರ ಇಡಬಾರದು ಕೇಳಿ. ಗಿಡ ಒಂದು ಬೇಸಿಗೆ ದಾಟುವವರೆಗೆ ಬಿಲ್ಲಿನ ಒಂದು ಪಾಲು ತಡೆದಿಡಿ.

ಇಲ್ಲಿ ಗುತ್ತಿಗೆದಾರರ ಒಂದು ದೂರು ನ್ಯಾಯವಾದದ್ದೇ. ಮುಗಿಸಿದ ಕೆಲಸದ ಬಿಲ್ಲೇ ಬಾರದೆ ಅಲೆಯುವಾಗ ಇನ್ನೂ ತಡೆಯುವುದೇ? ಹಾಗಾಗಿ ನೆಟ್ಟ ದುಡ್ಡು ತಕ್ಷಣ ಕೊಡಿ, ತಡೆದಿಡುವುದು ಆರೈಕೆಯ ಪಾಲನ್ನು ಮಾತ್ರ ಇರಲಿ. ನೀರು ಹಾಕುವ ಖರ್ಚನ್ನು ಟೆಂಡರಿನಲ್ಲೇ ಬರೆಯಿರಿ, ಟ್ಯಾಂಕರಿನ ಬಾಡಿಗೆಯನ್ನೂ ಸೇರಿಸಿ. 'ದನ ಮೇಯ್ದ್ರೆ ನಾನೇನು ಮಾಡ್ಲಿ?' ಎನ್ನುವ ಇನ್ನೊಂದು ದೂರನ್ನು ಮಾತ್ರ ಒಪ್ಪಲಾರೆ. ಸಸಿಗೆ ಮುಳ್ಳು ಕಟ್ಟಲು ಬಾರದವರು ಮೊದಲ ಪ್ರಶ್ನೆಯಲ್ಲೇ ನಪಾಸು.